ಮಹಾದೇವಕ್ಕ ಕೊಟ್ಟ ಬಾಟ್ಲಿ

ಮಹಾದೇವಕ್ಕ ಯಾರನ್ನೂ ನಂಬುತ್ತಿರಲಿಲ್ಲ. ಇದು ಬೈಗುಳವೆಂದು ತಿಳಿಯಬೇಡಿ. ಶಲವಡಿಯಿಂದ ಎರಡು ಮೈಲು ಈಚೆ, ಎರೆಹೊಲಗಳ ನಡುವೆ ಕೂತ ತೆಗ್ಗಿನಹಾಳದಲ್ಲಿ ಇದೊಂದು ಬಿರುದಾಗಿತ್ತು. ಅಂಗಡಿಯ ಕಡಲೆಬೇಳೆಯನ್ನು ಹಲ್ಲಿನಲ್ಲಿ ಕಡಿದು ನೋಡಿದ ಮೇಲೆಯೇ ಆಕೆ ಚೀಲಕ್ಕೆ ಹಾಕಿಸುವಳು. ಬೆಲ್ಲದ ಪೆಂಟೆ ಒಡೆಸಿ ಒಳಗಿನ ಬಣ್ಣ ನೋಡುವಳು. ಚಹಾಪುಡಿಯನ್ನು ಒದ್ದೆ ಅರಿವೆಯ ಮೇಲೆ ಉದುರಿಸಿ, ಬಣ್ಣ ಬಿಡುತ್ತದೋ ಇಲ್ಲವೋ ಎಂದು ಅಂಗಡಿಯವನ ಮುಂದೆಯೇ ಕಾಯುತ್ತ ನಿಲ್ಲುವಳು. ಊರಿನ ಅತ್ತೆಯಂದಿರು ಹೊಸ ಸೊಸೆಯರನ್ನು ಸಂತೆಗೆ ಕಳಿಸುವಾಗ, "ಮಹಾದೇವಕ್ಕನ ಬೆನ್ನ ಹಿಂದ ನಿಂದ್ರು. ಆಕಿ ಏನ್ ತಗೋತಾಳ ಅದನ್ನ ತಗೋ, ಆಕಿ ಬಿಟ್ಟಿದ್ದನ್ನ ಮುಟ್ಟಬ್ಯಾಡ" ಎಂದು ಹೇಳಿ ಕಳಿಸುತ್ತಿದ್ದರು.

ಈ ಸಂಶಯ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ, ಗಂಡನಿಂದ ಬಂದದ್ದು. ಶಂಕ್ರಪ್ಪ ಎತ್ತು ಈಯಿತು ಎಂದರೆ ಕರು ಕಟ್ಟಲು ಹಗ್ಗ ತರುವ ಪೈಕಿ. ಹೊಟ್ಟೆನೋವು ಬಂದಾಗ ಅಣ್ಣಿಗೇರಿ ಸಂತೆಯಲ್ಲಿ ಯಾವನೋ ಪರಊರಿನವ ಕೊಟ್ಟ ಬೂದುಬಣ್ಣದ ಪುಡಿಯನ್ನು ನಂಬಿ ಮೂರು ತಿಂಗಳು ನೆಕ್ಕಿದ. ನಾಲ್ಕನೆಯ ತಿಂಗಳಿಗೆ ಹೋಗಿಯೇಬಿಟ್ಟ. ಮಗ ಮಡಿವಾಳೆಪ್ಪನಿಗೆ ಆಗ ಆರು ವರ್ಷ. ಅಂದಿನಿಂದ ಮಹಾದೇವಕ್ಕ ಔಷಧವೆಂದರೆ ಮೂಗು ಮುರಿಯುವಳು, ಔಷಧ ಕೊಡುವವರೆಂದರೆ ಇನ್ನೂ ಎರಡು ಸಲ ಮುರಿಯುವಳು. ಗಂಡಸಿಲ್ಲದ ಮನೆ ನಡೆಸಿ, ಹೊಲ ಉಳಿಸಿಕೊಂಡು, ಮಗನ ಮದುವೆ ಮಾಡಿ, ಕಸ್ತೂರೆವ್ವ ಎಂಬ ಸೊಸೆಯನ್ನು ತಂದಳು. ಯಾರನ್ನಾದರೂ ನಂಬಿ ಕೂತಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ ಬಿಡಿ.

ಐವತ್ತೆರಡಕ್ಕೆ ಬರುವ ಹೊತ್ತಿಗೆ ಆಕೆಯ ಮೈ ಬದಲಾಗಿತ್ತು. ಮೊದಲು ನಸುಕಿನಲ್ಲೆದ್ದು ಬೀಸುಕಲ್ಲಿಗೆ ಕೂಡುವಳು, ಆಮೇಲೆ ಬುತ್ತಿ ಹೊತ್ತು ಎರಡು ಮೈಲು ಹೊಲಕ್ಕೆ ನಡೆಯುವಳು. ಕುಸುಬೆ ಎಣ್ಣೆ ಗಾಣದಿಂದ ತಂಬಿಗೆಯಲ್ಲಿ ಬಂದರೆ ಒಗ್ಗರಣೆಗೆ ಹನಿ ಲೆಕ್ಕದಲ್ಲಿ ಬೀಳುತ್ತಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಗೋಡೆಗೆ ಸರಿಯಿತು. ಮಡಿವಾಳೆಪ್ಪ ಟ್ರ್ಯಾಕ್ಟರ್ ತಂದ, ಹೊಲಕ್ಕೆ ಕೂತೇ ಹೋಗುವುದಾಯಿತು. ರೇಷನ್ ಅಂಗಡಿಗೆ ಪಾಮ್ ಎಣ್ಣೆ ಬಂತು, ಗಾಣ ನಿಂತಿತು, ಕಡಾಯಿಯಲ್ಲಿ ಎಣ್ಣೆ ಏರಿತು. ದಿನಕ್ಕೆ ಎರಡು ಸಲ ಮಿರ್ಚಿ, ಬಂದವರಿಗೆಲ್ಲ ಚಹಾ, ಅವರ ಜೊತೆ ತನಗೂ ಒಂದು ಬಸಿ, ಬಸಿಗೆ ಮೂರು ಚಮಚೆ ಸಕ್ಕರೆ. ಕಡಲೆಬೇಳೆಯಲ್ಲಿ ಒಂದು ಹರಳು ಕಂಡರೆ ಊರು ಕೂಡಿಸುತ್ತಿದ್ದ ಹೆಂಗಸಿಗೆ ಇದರಲ್ಲಿ ಯಾವುದೂ ಸಂಶಯ ತರಲಿಲ್ಲ. ಏಕೆ ತರಬೇಕು? ಎಲ್ಲ ತನ್ನ ಮನೆಯದು, ತನ್ನ ಕೈಯಿಂದಲೇ ಆದದ್ದು. ಊರವರೂ, "ಮಹಾದೇವಕ್ಕ ಈಗ ಮೈ ಕೈ ತುಂಬಿಕೊಂಡು ಗೌಡಶ್ಯಾನಿಗತೆ ಕಾಣ್ತಾಳ" ಎಂದು ಹೊಗಳುತ್ತಿದ್ದರು.

ಎಂಬತ್ತಾರನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯಲ್ಲಿ ಒಂದು ಜಗಳ ಹುಟ್ಟಿತು. ಹಿತ್ತಲ ಬಚ್ಚಲಿನ ಹತ್ತಿರ ಎಲ್ಲೆಂದರಲ್ಲಿ ಇರುವೆಗಳು ಸಾಲುಗಟ್ಟತೊಡಗಿದವು. ಎಷ್ಟು ನೀರು ಹಾಕಿ ತೊಳೆದರೂ ಮರುದಿನ ಮತ್ತೆ ಹಾಜರು. ಮಹಾದೇವಕ್ಕ ಬೆಲ್ಲದ ಡಬ್ಬಿ ತೆಗೆದು ನೋಡಿದಳು, ಕಡಿಮೆಯಾದಂತೆ ಕಂಡಿತು. ಕಡಿಮೆ ಮಾಡಿದವಳು ತಾನೇ ಎಂದು ಹೊಳೆಯಲಿಲ್ಲ.

"ಯಾಕ ಬೇ ಕಸ್ತೂರೆವ್ವ, ಬೆಲ್ಲಾ ತಿನ್ನೂದಿದ್ರ ಅಡಗಿ ಮನ್ಯಾಗ ಕೂತ ತಿನ್ನು. ಬಚ್ಚಲದಾಗ ಕದ್ದ ತಿಂತೀಯೇನು?"

"ನಾ ಯಾಕ ಕದೀಲಿ ಅತ್ತಿಯಾರ? ನನಗ ಸೀ ಸೇರೂದಽ ಇಲ್ಲ."

"ಮತ್ತ ಇರುವಿ ನನ್ನ ಹುಡುಕ್ಕೊಂಡ ಬಂದಾವೇನು?"

ಕಸ್ತೂರೆವ್ವ ಕಣ್ಣೀರು ಹಾಕಿದಳು. ಬೆಲ್ಲದ ಡಬ್ಬಿಗೆ ಅಂದಿನಿಂದ ಬೀಗ ಬಿತ್ತು. ಬೀಗ ಬಿದ್ದ ಮೇಲೂ ಇರುವೆ ಬಂದವು. ಆಗ ಮಹಾದೇವಕ್ಕ ಸೊಸೆಯ ತವರಿನಿಂದ ಬರುತ್ತಿದ್ದ ಗಂಟುಗಳನ್ನು ಬಿಚ್ಚಿ ನೋಡತೊಡಗಿದಳು.

ದೀಪಾವಳಿ ಮುಗಿದ ವಾರ ನರ್ಸಬಾಯಿ ಸುಶೀಲವ್ವ ಊರಿಗೆ ಬಂದಳು. ಬಾಜು ಊರಿನ ದವಾಖಾನೆಯವಳು. ಹನ್ನೊಂದು ವರ್ಷದಿಂದ ಇದೇ ಹಳ್ಳಿಗಳಲ್ಲಿ ಬಸುರಿ ಬಾಣಂತಿಯರನ್ನು ನೋಡಿಕೊಂಡು, ಮಕ್ಕಳಿಗೆ ಸೂಜಿ ಹಾಕಿಕೊಂಡು, ನಡುನಡುವೆ ಮಕ್ಕಳು ಸಾಕು, ಆಪರೇಷನ್ ಮಾಡಿಸಿಕೊಳ್ಳಿ ಎಂದು ಬೆನ್ನು ಹತ್ತಿಕೊಂಡು ತಿರುಗಿದವಳು. ಆಕೆಯ ಬಿಳಿ ಸೀರೆ ಊರ ಮುಂದೆ ಕಂಡರೆ ಎರಡು ಮಕ್ಕಳ ತಾಯಂದಿರು ಬಣವೆಯ ಹಿಂದೆ ಸರಿಯುತ್ತಿದ್ದರು. ಈ ಸಲ ಆಕೆ ಬಸುರಿಯರನ್ನು ಕೇಳಲಿಲ್ಲ, ಮಕ್ಕಳನ್ನು ಕರೆಯಲಿಲ್ಲ. ಶಾಲೆಯ ಕಟ್ಟೆಯ ಮೇಲೆ, ಹತ್ತಿ ನಿಂತರೆ ತೂಗುವ ಯಂತ್ರವೊಂದನ್ನು ಇಟ್ಟು, ನಲವತ್ತು ದಾಟಿದವರೆಲ್ಲ ಬರಬೇಕು, ಮೈ ಬಂದವರು ಮೊದಲು ಬರಬೇಕು ಎಂದಳು. ದವಾಖಾನೆಗೆ ಬಂದ ಹೊಸ ಡಾಕ್ಟರು ತಾವೇ ತಲೆ ಓಡಿಸಿ ಹಚ್ಚಿದ ಕೆಲಸ. ಉಂಡುಟ್ಟು ಸುಖವಾಗಿರುವ ಮನೆಗಳಲ್ಲೇ ಸಕ್ಕರೆ ಕಾಯಿಲೆ ಹೆಚ್ಚುತ್ತಿದೆ, ಬರುವ ಮೊದಲೇ ತಡೆಯಬೇಕು ಎಂಬುದು ಅವರ ಮಾತು. ತೂಕ ನೋಡುವುದು, ದರ್ಜಿಯ ಟೇಪಿನಿಂದ ನಡು ಅಳೆಯುವುದು, ಯಾವ ಎಣ್ಣೆ ಎಷ್ಟು ರೊಟ್ಟಿ ಎಂದು ಬರೆದುಕೊಳ್ಳುವುದು, ಮಾರನೆಯ ದಿನ ಒಂದು ಬಾಟ್ಲಿಯಲ್ಲಿ ಮೂತ್ರ ತರಿಸುವುದು. ಇಷ್ಟು.

ಇಷ್ಟು ಎಂದರೆ ಊರು ಇಷ್ಟಕ್ಕೇ ಬಿಡುತ್ತದೆಯೇ? ಮೈ ಬಂದವರಿಗೆ ರೇಷನ್ ಸಕ್ಕರೆ ಕಡಿಯುತ್ತಾರಂತೆ ಎಂದು ಒಬ್ಬರು, ಇದೂ ಆಪರೇಷನ್ನಿನದೇ ಹೊಸ ದಾರಿಯಂತೆ ಎಂದು ಇನ್ನೊಬ್ಬರು. ಟೇಪು ಕಂಡಾಗಲಂತೂ ಹಿರಿಯ ಹೆಂಗಸರು ನಾಲ್ಕು ಹೆಜ್ಜೆ ಹಿಂದಕ್ಕೆ ಹೋದರು. ಹೂಳುವ ಪದ್ಧತಿಯ ಅವರ ಮಂದಿಯಲ್ಲಿ ಸತ್ತವರಿಗೆ ಕುಣಿ ತೋಡುವಾಗ ಸತ್ತವರ ಪಾದದಿಂದಲೇ ಅಳೆದು, ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ ಎಂದು ಗೆರೆ ಕೊರೆಯುವುದು. ಬದುಕಿದವರ ಮೈಗೆ ಅಳತೆ ಹಿಡಿಯುವುದೆಂದರೆ ಏನರ್ಥ? ಎಲ್ಲರ ಕಣ್ಣೂ ಮಹಾದೇವಕ್ಕನ ಕಡೆ ಹೊರಳಿತು.

ಮಹಾದೇವಕ್ಕ ಯಂತ್ರದ ಸುತ್ತ ಒಂದು ಸುತ್ತು ಹಾಕಿದಳು.

"ಬಾಯಾರ, ನಾ ಹತ್ತೂಕಿಂತ ಮೊದಲ ಇದು ಖರೇ ತೂಗತೈತೋ ಇಲ್ಲೋ ನೋಡಬೇಕು. ನಮ್ಮನ್ಯಾಗ ಇನ್ನೂ ಬಿಚ್ಚಲಾರದ ಗೊಬ್ಬರದ ಚೀಲ ಐತಿ, ಐವತ್ತ ಕಿಲೋದ್ದು. ತರಸ್ಲೇನು?"

"ತರಸ್ರೆಲಾ. ನಂದೇನ್ ಅಡ್ಡಿಲ್ರಿ."

ಹನಮಪ್ಪ ಎಂಬ ಆಳುಮಗ ಚೀಲ ಹೊತ್ತು ತಂದಿಟ್ಟ. ಮುಳ್ಳು ನಲವತ್ತೇಳಕ್ಕೆ ನಿಂತಿತು. "ನೋಡ್ರೆವಾ!" ಎಂದು ಮಹಾದೇವಕ್ಕ ಕೈ ಎತ್ತಿದಳು. ಯಂತ್ರ ಸುಳ್ಳು ಎಂದು ಹೆಂಗಸರೆಲ್ಲ ಎದ್ದರು. ಸುಶೀಲವ್ವನಿಗೂ ಹಟ ಬಂತು, ಚೀಲವನ್ನು ಟ್ರ್ಯಾಕ್ಟರಿನಲ್ಲಿ ಅಣ್ಣಿಗೇರಿಗೆ ಒಯ್ದು ಕಾಳಿನ ಪೇಟೆಯ ದೊಡ್ಡ ತಕ್ಕಡಿಗೆ ಹಾಕಿಸಿ ಎಂದಳು. ಹಾಕಿಸಿದರು. ಅಲ್ಲಿಯೂ ನಲವತ್ತೇಳೇ. ಗೊಬ್ಬರದ ಅಂಗಡಿಯವ ಚೀಲ ಬಿಚ್ಚಿ ಮತ್ತೆ ಹೊಲಿದು ಕೊಡುತ್ತಿದ್ದ ಸಂಗತಿ ಹೀಗೆ ಬಯಲಿಗೆ ಬಿತ್ತು. ಎರಡೂರು ಮಂದಿ ಹೋಗಿ ಅವನ ಅಂಗಡಿಯ ಮುಂದೆ ಕೂತರು, ಅವ ಕೈಮುಗಿದು ಕೊರತೆ ತುಂಬಿಕೊಟ್ಟ. ಮಹಾದೇವಕ್ಕನ ಬಿರುದಿಗೆ ಇನ್ನೊಂದು ಗರಿ.

ಯಂತ್ರ ಖರೆ ಎಂದಾದ ಮೇಲೆ ಹತ್ತದೆ ವಿಧಿಯಿರಲಿಲ್ಲ. ಹತ್ತಿದಳು. ಎಂಬತ್ತಾರು ಕಿಲೋ.

"ಇಡೀ ಊರಿಗೆ ಹೆಚ್ಚು!" ಎಂದು ಯಾರೋ ಕೂಗಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ಹನಮಪ್ಪನ ಹೆಂಡತಿ ತಾಯವ್ವ ಕೇವಲ ನಲವತ್ತೊಂದು ತೂಗಿದ್ದಳು, ಆಕೆ ನಾಚಿಕೊಂಡು ಸೆರಗು ಹೊದ್ದು ಹಿಂದೆ ಸರಿದಳು. ಸುಶೀಲವ್ವ ಮಾತ್ರ ನಗಲಿಲ್ಲ. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಳು.

"ಅಕ್ಕಾರ, ಇದು ಚಪ್ಪಾಳಿ ಹೊಡ್ಯೂ ತೂಕ ಅಲ್ರಿ. ಎಣ್ಣಿ ಅರ್ಧಾ ಮಾಡ್ರಿ. ಎರಡು ರೊಟ್ಟಿ ಕಡಿಮಿ ಮಾಡ್ರಿ, ಚಹಾದಾಗ ಸಕ್ಕರಿ ಬಿಡ್ರಿ. ಟ್ರ್ಯಾಕ್ಟರ್ ಬಿಟ್ಟು ಹೊಲಕ್ಕ ಮೊದ್ಲಿನಂಗ ನಡಕೋಂತ ಹೋಗ್ರಿ. ಊಟ ಬಲ್ಲವಗ ರೋಗಿಲ್ಲ ಅಂತ ನಿಮಗ ನಾ ಹೇಳಬೇಕೇನ್ರಿ?"

ಮಹಾದೇವಕ್ಕ ಮನೆಗೆ ಬರುವ ದಾರಿಯುದ್ದಕ್ಕೂ ಈ ಮಾತನ್ನು ಬೆಲ್ಲದ ಪೆಂಟೆಯ ಹಾಗೆ ಒಡೆದು ಒಡೆದು ನೋಡಿದಳು. ಹೆಚ್ಚು ಬೆಳೆಯಿರಿ ಎನ್ನುತ್ತಾರೆ, ಹೆಚ್ಚು ಹಾಲು ಹಾಕಿರಿ ಎನ್ನುತ್ತಾರೆ. ಕಡಿಮೆ ತಿನ್ನಿ ಎಂದು ಹೇಳುವ ಸರ್ಕಾರ ಎಲ್ಲಾದರೂ ಇದೆಯೇ? ಬಳೆಗಾರ್ತಿ ಖಾಸಿಂಬಿ ಅಂದು ಮಧ್ಯಾಹ್ನ ಬುಟ್ಟಿ ಇಳಿಸಿ ಕಟ್ಟೆಗೆ ಕೂತಾಗ ಮನಸ್ಸಿನಲ್ಲಿದ್ದುದನ್ನು ಹೇಳಿಯೇಬಿಟ್ಟಳು. ಮೂವತ್ತು ವರ್ಷದ ಗೆಳತಿ ಈ ಖಾಸಿಂಬಿ. ಊರೂರು ತಿರುಗಿ ಬಳೆ ಇಡಿಸುವವಳು, ಈಚೆಗೆ ಆಕೆಗೂ ಮೈ ಬಂದಿತ್ತು.

"ಕಡಿಮಿ ತಿನ್ನು ಅಂತಾರಂದ್ರ ರೇಷನ್ನಿನ್ಯಾಗ ಏನೋ ಕಡಿಮಿ ಬಿದ್ದೈತಿ ಖಾಸಿಂಬಿ. ನಮ್ಮ ಬಾಯಿಂದ ಉಳಿಸಿ ಯಾರಿಗೋ ಕೊಡವ್ರು ಅದಾರ."

"ಅದು ಹೋಗ್ಲಿ. ನಾಳಿ ಬಾಟ್ಲಿ ಕೊಡ್ತೀಯೇನು?"

"ಅದಽ ನೋಡು. ಮೈಯಿಂದ ಹೊರಗ ಬಂದಿದ್ದು ಇನ್ನೊಬ್ರ ಕೈಗೆ ಕೊಡಬಾರ್ದು. ಉಗುರು, ಕೂದಲ ಕೊಡತೀವೇನು? ಇದನ್ನ ತಗೊಂಡು ಅವರು ಏನ್ ಮಾಡ್ತಾರೋ ಯಾರು ಕಂಡಾರ!"

ಮಾರನೆಯ ದಿನ ಬೆಳಿಗ್ಗೆ ಮಹಾದೇವಕ್ಕ ಬಾಟ್ಲಿ ಹಿಡಿದು ಕೊಟ್ಟಿಗೆಗೆ ಹೋದಳು. ನಸುಕಿನಲ್ಲಿ ಆಕಳಿನ ಗಂಜಳ ಹಿಡಿಯುವುದು ಆಕೆಗೆ ನಿತ್ಯದ ಕೆಲಸ, ಮನೆಯ ಮುಂದೆ ಸಾರಿಸಲು, ಮೈಲಿಗೆಗೆ ಚಿಮುಕಿಸಲು ಬೇಕೇ ಬೇಕು. ಅಂದು ತಂಬಿಗೆಯ ಜೊತೆ ಬಾಟ್ಲಿಯೂ ತುಂಬಿತು. ಬಿರಡೆ ಹಾಕಿ, ಹೊರಗೆ ತೊಳೆದು, ತನ್ನ ಹೆಸರಿನ ಚೀಟಿ ಅಂಟಿಸಿ ಸುಶೀಲವ್ವನ ಕೈಗೆ ಕೊಟ್ಟಳು. ಕೊಡುವಾಗ ಮುಖದ ಮೇಲೆ ಒಂದು ಗೆರೆ ಕದಲಲಿಲ್ಲ.

ನಾಲ್ಕು ದಿನಕ್ಕೆ ಕಾರ್ಡು ಬಂತು. ದವಾಖಾನೆಯಲ್ಲಿ ಅದಕ್ಕೊಂದು ನೀಲಿ ನೀರು ಇರುತ್ತದೆ. ಅದರಲ್ಲಿ ಮೂತ್ರದ ಹನಿ ಬಿಟ್ಟು ಕಾಸುತ್ತಾರೆ. ಸಕ್ಕರೆಯಿದ್ದರೆ ಹಸಿರಾಗಿ ಹಳದಿಯಾಗಿ ಕೊನೆಗೆ ಇಟ್ಟಂಗಿಯಂತೆ ಕೆಂಪಾಗುತ್ತದೆ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಖಾಸಿಂಬಿಯದು ಹಳದಿಗೆ ಬಂದಿತ್ತು. ಮಹಾದೇವಕ್ಕನದು ಅಪ್ಪಟ ನೀಲಿ. "ಸಕ್ಕರೆ ಇಲ್ಲ. ಬಣ್ಣ ಗಾಢವಾಗಿದೆ, ನೀರು ಹೆಚ್ಚು ಕುಡಿಯಬೇಕು" ಎಂದು ಬರೆದಿತ್ತು.

ಮಡಿವಾಳೆಪ್ಪ ಓದಿ ಹೇಳಿದ ಕೂಡಲೇ ಮಹಾದೇವಕ್ಕ ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ನಕ್ಕು ನಕ್ಕು ಸುಸ್ತಾದ ಮೇಲೆ ಖಾಸಿಂಬಿಯನ್ನು ಹಿತ್ತಲಿಗೆ ಕರೆದು, ಆಕೆಯ ಮೊಮ್ಮಗನ ಮೇಲೆ ಆಣೆ ಮಾಡಿಸಿಕೊಂಡು, ಗುಟ್ಟು ಒಡೆದಳು.

"ಆಕಳ ಯಾವುದು, ಹೆಂಗಸ ಯಾವುದು ಗೊತ್ತಾಗೂದಿಲ್ಲ ಇವರಿಗೆ! ಇವರು ನಮಗ ಶಾಣ್ಯಾತನ ಹೇಳಾಕ ಬಂದಾರ. ನಿನಗ ಸಕ್ಕರಿ ಐತಿ ಅಂದಾರಲ್ಲ, ಅದೂ ಸುಳ್ಳಽ."

"ಯಾ ಅಲ್ಲಾ! ಇದೆಂಥಾ ಹುಚ್ಚಾಟಕ್ಕಾ? ಅವರನ್ನ ಮೋಸ ಮಾಡಿದ್ದು ನೀನು. ಮೋಸ ಆಗಿದ್ದು ನಿನಗಽ."

"ನನಗೇನ್ ಆಗೇತಿ? ಗಟ್ಟಿ ಅದೀನಿ."

ಅಲ್ಲಿಂದ ಇಬ್ಬರ ದಾರಿ ಬೇರೆಯಾಯಿತು. ಖಾಸಿಂಬಿ ಚಹಾಕ್ಕೆ ಸಕ್ಕರೆ ಬಿಟ್ಟಳು, ಮೊದಲಿನಂತೆ ಜೋಳದ ನುಚ್ಚು, ಪುಂಡಿಪಲ್ಯೆ, ಮಜ್ಜಿಗೆಗೆ ಬಂದಳು. ಬಸ್ಸು ಬಿಟ್ಟು ಬುಟ್ಟಿ ಹೊತ್ತು ನಡೆದಳು. ಸಂಕ್ರಮಣದ ಹೊತ್ತಿಗೆ ಆಕೆಯ ಕುಪ್ಪಸ ಸಡಿಲಾಗಿತ್ತು. ಅದನ್ನು ಕಂಡು ಮಹಾದೇವಕ್ಕನಿಗೆ ಹೊಸ ಸಂಶಯ: ನರ್ಸಬಾಯಿ ಗುಳಿಗೆ ಕೊಟ್ಟು ಈಕೆಯನ್ನು ಒಣಗಿಸುತ್ತಿದ್ದಾಳೆ! ತಾನು ಮಾತ್ರ ಎರಡು ಚಮಚೆ ತುಪ್ಪ ಹೆಚ್ಚೇ ಹಾಕಿಕೊಂಡು ಬೆಲ್ಲದ ಮಾದಲಿ ತಿಂದಳು. ಆಕಳು ಪಾಸಾದ ಪರೀಕ್ಷೆಯ ಮೇಲೆ ಈಕೆಯ ಊಟ ನಡೆಯಿತು ಎನ್ನಿ.

ಮಾಘ ಹುಟ್ಟುವ ಹೊತ್ತಿಗೆ ಬಿಳಿಜೋಳದ ಸುಗ್ಗಿ. ಕೊಯ್ಲಿನ ಆಳುಗಳು ತೆನೆ ಕದಿಯುತ್ತಾರೆಂದು ಮಹಾದೇವಕ್ಕ ದಿನವಿಡೀ ಹೊಲದಲ್ಲೇ ತಿರುಗಿದಳು. ಚಪ್ಪಲಿ ಬಿಗಿಯಾಗಿತ್ತು, ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ನಡೆದಳು. ಸಂಜೆ ಮನೆಗೆ ಬಂದಾಗ ಕಸ್ತೂರೆವ್ವ ಪಡಸಾಲೆಯ ನೆಲ ನೋಡಿ ಚೀರಿದಳು. ಬಾಗಿಲಿನಿಂದ ಒಳಗಿನತನಕ ರಕ್ತದ ಹೆಜ್ಜೆಗಳು. ಕೊಯ್ದ ಜೋಳದ ಕೂಳೆಯೊಂದು ಬಲಗಾಲಿನ ಹೆಬ್ಬೆರಳ ಬುಡಕ್ಕೆ ಹೊಕ್ಕು ಮುರಿದಿತ್ತು.

"ನೋವಾಗ್ಲಿಲ್ಲೇನ್ರಿ ಅತ್ತಿಯಾರ?"

ಆಗಿರಲಿಲ್ಲ. ಅದೇ ಆಶ್ಚರ್ಯ. ಗಟ್ಟಿ ಜೀವ ಎಂದರೆ ಇದು ಎಂದು ಮಹಾದೇವಕ್ಕ ಹೆಮ್ಮೆಪಟ್ಟಳು.

ಅರಿಷಿಣ ಹಚ್ಚಿದರು, ಮಾಯಲಿಲ್ಲ. ವಾರದ ಮೇಲೆ ಸುಶೀಲವ್ವ ಬಂದು, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತೊಳೆದು ಪಟ್ಟಿ ಕಟ್ಟಿದಳು. ದಿನ ಬಿಟ್ಟು ದಿನ, ಮೂರು ವಾರ ಹೀಗೆ ನಡೆಯಿತು. ಗಾಯ ಮಾತ್ರ ಅಗಲವಾಗುತ್ತ, ಅಂಚು ಕಪ್ಪಾಗುತ್ತ ಹೋಯಿತು. ಮಹಾದೇವಕ್ಕ ಎಲ್ಲರ ಮೇಲೂ ಸಂಶಯಪಟ್ಟಳು. ಮುಲಾಮು ಹಳೆಯದು, ದವಾಖಾನೆಯವರು ಒಳ್ಳೆಯ ಔಷಧ ಮಾರಿಕೊಂಡಿದ್ದಾರೆ, ಸೊಸೆ ಕಾಲು ತೊಳೆಯುವ ನೀರಿಗೆ ಏನೋ ಹಾಕುತ್ತಿದ್ದಾಳೆ. ತನ್ನ ತಾಟಿನಲ್ಲಿ ಹೆಗ್ಗಣ ಬಿದ್ದಿದ್ದರೂ ಮಂದಿಯ ತಾಟಿನ ನೊಣವೇ ಆಕೆಗೆ ಕಾಣುತ್ತಿತ್ತು.

ಒಂದು ದಿನ ಸುಶೀಲವ್ವ ಪಟ್ಟಿ ಬಿಚ್ಚುತ್ತ ಅನುಮಾನದಿಂದ ಕೇಳಿದಳು.

"ಅಕ್ಕಾರ, ಇಂಥಾ ಗಾಯ ನಾ ಸಕ್ಕರಿ ಇದ್ದವರ ಕಾಲಾಗಽ ನೋಡೀನ್ರಿ. ಕಾರ್ಡಿನ್ಯಾಗ ಇಲ್ಲಂತ ಐತಿ ಖರೇ. ಆದ್ರೂ ಇನ್ನೊಮ್ಮೆ ನೋಡೂಣೇನ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮಹಾದೇವಕ್ಕನ ದನಿ ಏರಿತು.

"ಒಮ್ಮೆ ನೋಡಿದ್ದು ಸಾಲ್ಲಿಲ್ಲೇನು? ನಿಮ್ಮ ಕಾರ್ಡಿನ ಮ್ಯಾಲ ನಿಮಗಽ ನಂಬಿಗಿ ಇಲ್ಲಂದ್ರ ನಾವು ಹ್ಯಾಂಗ ನಂಬೂದ್ರಿ?"

ಸುಶೀಲವ್ವ ಹೊಸ ಪಟ್ಟಿ ಕಟ್ಟಿ ಎದ್ದಳು. ಬಾಗಿಲಲ್ಲಿ ಬಳೆಯ ಬುಟ್ಟಿ ಹಿಡಿದು ನಿಂತಿದ್ದ ಖಾಸಿಂಬಿ ಎಲ್ಲ ಕೇಳಿದಳು. ನರ್ಸಬಾಯಿ ಹೋದ ಮೇಲೆ ಬುಟ್ಟಿ ಇಳಿಸದೆಯೇ ಅಂದಳು: "ನನ್ನ ಬಾಯಿಗೆ ಆಣಿ ಕಟ್ಟೀದಿ. ಬಿಚ್ಚು. ನಾ ಹೇಳ್ತೀನಿ."

"ಹೇಳಿದ್ರ ಊರಾಗ ತಲಿ ಎತ್ತೂದು ಹ್ಯಾಂಗ? ಗೊಬ್ಬರದಂಗಡಿಯಾವಂಗ ಮೋಸಗಾರ ಅಂತ ಛೀಮಾರಿ ಹಾಕಿದಾಕಿ ನಾನು."

"ತಲಿ ಎತ್ತಾಕ ಮೊದ್ಲ ಕಾಲ ಬೇಕಕ್ಕಾ" ಎಂದು ಖಾಸಿಂಬಿ ಸಿಟ್ಟಿನಿಂದ ಹೋಗಿಬಿಟ್ಟಳು.

ಶಿವರಾತ್ರಿಗೆ ಎರಡು ದಿನವಿತ್ತು. ಮಹಾದೇವಕ್ಕನಿಗೆ ಜ್ವರ ಬಂತು, ಬೆಳಗಿನಿಂದ ವಾಂತಿ, ಎಷ್ಟು ನೀರು ಕುಡಿದರೂ ಬಾಯಾರಿಕೆ. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲತೊಡಗಿತು. ಮಡಿವಾಳೆಪ್ಪ ಟ್ರೇಲರಿನಲ್ಲಿ ಹೊಟ್ಟು ಹಾಸಿ, ಮೇಲೆ ಕೌದಿ ಹಾಸಿ, ತಾಯಿಯನ್ನು ಮಲಗಿಸಿಕೊಂಡು ದವಾಖಾನೆಗೆ ತಂದ. ಕಸ್ತೂರೆವ್ವ ತಲೆ ಹಿಡಿದು ಕೂತಿದ್ದಳು. ಡಾಕ್ಟರು ನಾಡಿ ನೋಡಿದರು, ಕಾಲು ನೋಡಿದರು, ಕಾರ್ಡು ತಿರುವಿ ನೋಡಿದರು. ಸಕ್ಕರೆ ಇಲ್ಲ ಎಂದು ಅವರದೇ ದವಾಖಾನೆಯ ಅಕ್ಷರದಲ್ಲಿ ಬರೆದಿತ್ತು. ಗಾಯದ ಜ್ವರ, ವಾಂತಿಯಾಗಿ ನಿತ್ರಾಣವಾಗಿದೆ, ಮೊದಲು ಗ್ಲುಕೋಸ್ ಹಾಕಿ ಎಂದರು. ಸುಶೀಲವ್ವ ಬಾಟ್ಲಿ ತೂಗುಹಾಕಿ ಕೈಯ ನರಕ್ಕೆ ಸೂಜಿ ಚುಚ್ಚಿದಳು.

"ಇದೇನ್ರಿ ಬಾಯಾರ?" ಎಂದು ಕಸ್ತೂರೆವ್ವ ಕೇಳಿದಳು.

"ಸಕ್ಕರಿ ನೀರವ್ವಾ. ಈಗ ಶಕ್ತಿ ಬರತೈತಿ ನೋಡು."

ಅರೆಗಣ್ಣಿನಲ್ಲಿ ಮಲಗಿದ್ದ ಮಹಾದೇವಕ್ಕನಿಗೆ ಆ ಮಾತು ಕೇಳಿತು. ಕಣ್ಣು ತೆರೆದು ನೋಡಿದಳು. ಬಾಟ್ಲಿಯಿಂದ ಹನಿ ಹನಿಯಾಗಿ ನೀರು ನಳಿಕೆಗೆ ಇಳಿಯುತ್ತಿತ್ತು. ಗಂಡ ಹೋದ ಮೇಲೆ ಮೊದಲ ಸಲ ಆಕೆಗೆ ಎದುರಿಗಿದ್ದವರ ಮೇಲೆ ಸಂಶಯ ಬರಲಿಲ್ಲ. ಇವರು ಸರಿಯಾಗಿಯೇ ಮಾಡುತ್ತಿದ್ದಾರೆ, ತಾನು ಕೊಟ್ಟದ್ದನ್ನು ನಂಬಿ ಮಾಡುತ್ತಿದ್ದಾರೆ. ತನ್ನ ಮೈಯಲ್ಲಿ ಸಕ್ಕರೆಯಿದ್ದರೆ ಈ ನೀರಿನಿಂದಲೇ ಸಾಯುತ್ತೇನೆಂದು ಹೊಳೆಯಿತು. ಸೂಜಿಯಿಲ್ಲದ ಕೈಯಿಂದ ನಳಿಕೆಯನ್ನು ಹಿಡಿದು ಮಡಿಚಿದಳು.

"ತಗೀರಿ. ಅದು ನಂದಲ್ಲ. ಆಕಳದ್ದು."

"ಏನ್ ಆಕಳ ಬೇ ಯವ್ವಾ?" ಎಂದ ಮಡಿವಾಳೆಪ್ಪ.

"ಬಾಟ್ಲ್ಯಾಗ… ನಾ ಕೊಟ್ಟಿದ್ದು… ಆಕಳದ್ದು."

ಡಾಕ್ಟರು ತಲೆಯಾಡಿಸಿದರು. ಜ್ವರ ನೆತ್ತಿಗೇರಿದೆ, ಬಡಬಡಿಸುತ್ತಿದ್ದಾರೆ, ಕೈ ಬಿಡಿಸಿ ಎಂದರು. ಮಗ ಕೈ ಹಿಡಿದುಕೊಂಡ. "ಸುಮ್ಮನ ಮಲಕೋ ಯವ್ವಾ, ಆಕಳಿಗೆ ಹನಮಪ್ಪ ಮೇವ ಹಾಕ್ಯಾನ" ಎಂದು ಸಮಾಧಾನ ಮಾಡಿದ. ಯಾರೂ ನಂಬಲಿಲ್ಲ. ಇಷ್ಟು ವರ್ಷ ಯಾರ ಮಾತನ್ನೂ ನಂಬದ ಹೆಂಗಸು ಒಂದು ಖರೆ ಹೇಳಲು ಹೊರಟರೆ ಕೇಳುವವರೇ ಇಲ್ಲ! ಆಕೆ ಮಗನ ಕೈ ಕೊಸರಿಕೊಂಡು ಸುಶೀಲವ್ವನ ಸೀರೆಯ ಸೆರಗು ಹಿಡಿದಳು. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಅಂದಳು:

"ಬಾಯಾರ, ನನ್ನ ಮಾತ ನಂಬಬ್ಯಾಡ್ರಿ. ನಾ ನಿಮ್ಮನ್ನ ಎಂದಾರ ನಂಬೀನೇನು? ನಂಬಬ್ಯಾಡ್ರಿ. ಕಾಸಿ ನೋಡ್ರಿ."

ಸುಶೀಲವ್ವ ಆ ಕಣ್ಣುಗಳನ್ನು ನೋಡಿದಳು. ಜ್ವರದ ಕಣ್ಣಾಗಿರಲಿಲ್ಲ. ಡಾಕ್ಟರರನ್ನು ಕೇಳದೆಯೇ ನಳಿಕೆಯ ತಿರುಪು ಬಿಗಿದು, "ಕಸ್ತೂರೆವ್ವ, ಆ ಪಾತ್ರಿ ತಾ" ಎಂದಳು. ಸ್ಪಿರಿಟ್ ದೀಪ ಹಚ್ಚಿ, ಪಾತ್ರೆಯಲ್ಲಿ ಹಿಡಿದ ಮೂತ್ರದ ಎಂಟು ಹನಿ ನೀಲಿ ನೀರಿಗೆ ಬಿಟ್ಟು ಕಾಸಿದಳು. ಎಲ್ಲರೂ ನೋಡುತ್ತ ನಿಂತರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಟ್ಟಂಗಿಗೆಂಪು. ಡಾಕ್ಟರು ತಾವೇ ಹೋಗಿ ಗ್ಲುಕೋಸ್ ಬಾಟ್ಲಿ ಇಳಿಸಿದರು. ಉಪ್ಪುನೀರಿನ ಬಾಟ್ಲಿ ಏರಿಸಿ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದು, ಜೀಪು ತರಲು ಮಂದಿ ಓಡಿಸಿದರು.

ಜೀಪು ಬರುವತನಕ ಸುಶೀಲವ್ವ ಮಂಚದ ಬದಿಗೆ ನಿಂತಿದ್ದಳು. ಕೊನೆಗೆ ತಡೆಯಲಾರದೆ ಅಂದಳು:

"ಮೂರು ವಾರ ಈ ಕಾಲ ನನ್ನ ತೊಡಿ ಮ್ಯಾಲ ಇತ್ತಲ್ರಿ ಅಕ್ಕಾರ. ನಾ ಬಾಯಿ ಬಿಟ್ಟು ಕೇಳಿದೆ. ಆಗ ಹೇಳಾಕ ಏನಾಗಿತ್ರಿ?"

"ನಾಚಿಕಿ ಬಂತವಾ" ಎಂದಳು ಮಹಾದೇವಕ್ಕ. ಆಕೆ ಯಾರಿಗೂ ಇಷ್ಟು ಸಣ್ಣ ದನಿಯಲ್ಲಿ ಉತ್ತರ ಕೊಟ್ಟಿದ್ದಿಲ್ಲ.

ಹುಬ್ಬಳ್ಳಿಯಲ್ಲಿ ಜೀವ ಉಳಿಯಿತು. ಕಾಲು ಅರ್ಧ ಉಳಿಯಿತು. ಬಲಪಾದದ ಮುಂದಿನ ಭಾಗವನ್ನು, ಐದೂ ಬೆರಳು ಸಹಿತ, ಕೊಯ್ದು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಮೊಣಕಾಲಿನತನಕ ಹೋಗುತ್ತಿತ್ತಂತೆ, ಮೂರು ವಾರ ಮೊದಲೇ ತಿಳಿದಿದ್ದರೆ ಒಂದು ಬೆರಳೂ ಹೋಗುತ್ತಿರಲಿಲ್ಲವಂತೆ. ಅಲ್ಲಿನ ದೊಡ್ಡ ಡಾಕ್ಟರು ಬಾಯಾರಿಕೆ ಎಂದಿನಿಂದ, ಮೂತ್ರಕ್ಕೆ ಇರುವೆ ಮುತ್ತುತ್ತಿದ್ದವೇ ಎಂದು ಕೇಳಿದಾಗ ಮಹಾದೇವಕ್ಕ ಸೊಸೆಯ ಮುಖ ನೋಡಿದಳು. ಡಾಕ್ಟರು ಹೋದ ಮೇಲೆ ಹತ್ತಿರ ಕರೆದಳು.

"ಬೆಲ್ಲಾ ನೀ ತಿಂದಿದ್ದಿಲ್ಲ ಹೌದಲ್ಲ?"

"ಇಲ್ರಿ ಅತ್ತಿಯಾರ."

"ಕೀಲಿಕೈ ನನ್ನ ಸೊಂಟದಾಗ ಐತಿ. ಬಿಚ್ಚಿಕೋ. ನನ್ನ ಕೈಗೆ ಮತ್ತ ಕೊಡಬ್ಯಾಡ."

ಕಸ್ತೂರೆವ್ವ ಕೀಲಿ ಬಿಚ್ಚಿಕೊಳ್ಳುತ್ತ ಅತ್ತಳು. ಮಹಾದೇವಕ್ಕನೂ ಅತ್ತಳು. ಆಮೇಲೆ ಮನೆಯಲ್ಲಿ ರೊಟ್ಟಿ ಎರಡಕ್ಕೆ ನಿಂತವು, ಕಡಾಯಿಯ ಎಣ್ಣೆ ತಳಕ್ಕಿಳಿಯಿತು, ಚಹಾ ಕಪ್ಪಾಗಿ ಕಹಿಯಾಗಿ ಬಂತು. ಬೈದುಕೊಂಡೇ ಕುಡಿದಳು, ಆದರೆ ಕುಡಿದಳು.

ಊರಿನ ಬಾಯಿ ಸುಮ್ಮನಿರುತ್ತದೆಯೇ? ಆಕಳಿನ ಕಥೆ ತೆಗ್ಗಿನಹಾಳ ದಾಟಿ ಶಲವಡಿಗೂ ಹೋಯಿತು. ವಿಚಿತ್ರವೆಂದರೆ ಕೇಳಿದವರು ಕಾಲಿನ ಕಡೆಗೆ ಲಕ್ಷ್ಯ ಕೊಡದೆ, ದವಾಖಾನೆಯವರಿಗೆ ಗೊತ್ತಾಗಲಿಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಮಹಾದೇವಕ್ಕನ ಬೆನ್ನ ಹಿಂದೆ ನಿಂತು ಬೆಲ್ಲ ಕೊಂಡು ರೂಢಿಯಾದ ಮಂದಿ ಅದು.

ಮರುವರ್ಷ ದೀಪಾವಳಿ ಕಳೆದ ವಾರ ಸುಶೀಲವ್ವ ಮತ್ತೆ ಬಂದಳು. ಮೊದಲ ದಿನ ತೂಕ, ಎರಡನೆಯ ದಿನ ಬಾಟ್ಲಿ. ಶಾಲೆಯ ಕಟ್ಟೆಯ ಮೇಲೆ ಹೆಸರಿನ ಚೀಟಿ ಹಚ್ಚಿದ ಹದಿನಾರು ಬಾಟ್ಲಿ ಸಾಲಾಗಿ ನಿಂತಿದ್ದವು. ಸುಶೀಲವ್ವ ಹೆಡ್‌ಮಾಸ್ತರರ ಕೋಣೆಯಲ್ಲಿ ಕಾರ್ಡು ಬರೆಯುತ್ತಿದ್ದಳು. ಮಹಾದೇವಕ್ಕ ಕೋಲು ಊರಿಕೊಂಡು ಬಂದು, ತನ್ನದನ್ನು ಸಾಲಿನ ಕೊನೆಗಿಟ್ಟು, ಉಳಿದವುಗಳ ಮೇಲೆ ಕಣ್ಣಾಡಿಸಿದಳು. ಐದು ಬಾಟ್ಲಿಗಳ ಬಣ್ಣ ಒಂದೇ ತರಹ ಗಾಢ. ಆ ಬಣ್ಣ ಆಕೆಗೆ ಗುರುತು ಸಿಗದೆ ಹೋದೀತೇ?

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಸೆರಗಿನಲ್ಲಿ ನಕ್ಕರು. ತಾಯವ್ವ ಹತ್ತಿರ ಸರಿದು ಕಿವಿಯಲ್ಲಿ ಕೇಳಿದಳು: "ಅಕ್ಕಾರ, ನೀವು ಕೊಟ್ಟಾಗ ಬಾಯಾರಿಗೆ ಗೊತ್ತಾಗಿದ್ದಿಲ್ಲ ಹೌದಲ್ರಿ?"

"ಇಲ್ಲ. ಅಗದಿ ಗೊತ್ತಾಗಿದ್ದಿಲ್ಲ."

ಮಹಾದೇವಕ್ಕ ಕಟ್ಟೆಯ ಅಂಚಿಗೆ ಕೂತಳು. ಕೋಲು ಬದಿಗಿಟ್ಟು, ಬಲಗಾಲಿಗೆ ಸುತ್ತಿದ್ದ ಅರಿವೆಯನ್ನು ಒಂದೊಂದೇ ಸುತ್ತು ಬಿಚ್ಚಿದಳು. ಬೆರಳಿಲ್ಲದ ಅರ್ಧ ಪಾದವನ್ನು ಎತ್ತಿ ಬಾಟ್ಲಿಗಳ ಸಾಲಿನ ಬಾಜು ಇಟ್ಟಳು. ನಗು ನಿಂತಿತು.

"ಕೊಡ್ರೆವಾ, ಆಕಳದ್ದಽ ಕೊಡ್ರಿ. ಅದಕ್ಕೇನು, ನಾಕ ಕಾಲ ಅದಾವ."

ತಾಯವ್ವ ತನ್ನ ಬಾಟ್ಲಿ ಎತ್ತಿಕೊಂಡು ಶಾಲೆಯ ಹಿಂದಕ್ಕೆ ಹೋದಳು. ಆಕೆಯ ಹಿಂದೆ ಇನ್ನೂ ನಾಲ್ವರು ತಮ್ಮ ಬಾಟ್ಲಿ ಹಿಡಿದು ಎದ್ದರು.